ಪೊರೆ ಬಿಟ್ಟು ಎಷ್ಟು ದಿನವಾಯಿತು? ಟರಾಂಟುಲಾ ಸಾಕಣೆ ಕಲಿತ ಲೆಕ್ಕ

ಸಿಂಧನೂರು ಸೀಮೆಯ ಹೈನುಗಾರರಿಗೆ ಬೆದೆಯ ಲೆಕ್ಕ ಬಾಯಿಪಾಠ. ಮುಂಜಾನೆ ಬೆದೆಗೆ ಬಂದ ಆಕಳಿಗೆ ಸಂಜೆ ಇಂಜೆಕ್ಷನ್, ಸಂಜೆ ಬಂದದ್ದಕ್ಕೆ ಮರುದಿನ ಮುಂಜಾನೆ. ಟರಾಂಟುಲಾ ಎಂಬ ದೈತ್ಯ ಜೇಡದಲ್ಲಿ ಹೀಗೆ ಕಣ್ಣಿಗೆ ಕಾಣುವ ಬೆದೆ ಇಲ್ಲ. ಸಾಕುವವರು ಮೊದಲು ಕೇಳುವುದು, ಹೆಣ್ಣು ಕೊನೆಯ ಸಲ ಪೊರೆ ಬಿಟ್ಟದ್ದು ಯಾವಾಗ ಎಂದು. ಈ ಪ್ರಶ್ನೆಗೆ ಬಂದು ಮುಟ್ಟಲು ದಶಕಗಳೇ ಹಿಡಿದವು.

ಇದು ನಮ್ಮ ಭಾಗಕ್ಕೆ ತೀರ ದೂರದ ಸಂಗತಿಯೇನಲ್ಲ. ಮಸ್ಕಿ, ಲಿಂಗಸುಗೂರಿನವರು ರಾಯಚೂರಿನಲ್ಲಿ ಚೆನ್ನೈ ರೈಲು ಹತ್ತಿದರೆ ಗುಂತಕಲ್ ದಾಟಿದ ಮೇಲೆ ಗುತ್ತಿ ಸಿಗುತ್ತದೆ. ಜಗತ್ತಿನ ಜೇಡಪ್ರಿಯರೆಲ್ಲ ಆಸೆಪಡುವ ನೀಲಿ ಟರಾಂಟುಲಾ ಪೊಸಿಲೊಥೀರಿಯಾ ಮೆಟಾಲಿಕಾವನ್ನು ಬ್ರಿಟಿಷ್ ಮ್ಯೂಸಿಯಂನ ಆರ್. ಐ. ಪೊಕಾಕ್ 1899ರಲ್ಲಿ ವಿವರಿಸಿದ್ದು ಇದೇ ಗುತ್ತಿಯಲ್ಲಿ ಸಿಕ್ಕ ಮಾದರಿಯಿಂದ. ಮರದ ಪೊಟರೆಯಲ್ಲಿ ಬದುಕುವ ಪ್ರಾಣಿ ಬಯಲಿನ ಊರಿಗೆ ಬಂದದ್ದು ರೈಲಿನಲ್ಲಿ ಸಾಗಿಸಿದ ಮರಮುಟ್ಟಿನ ಜೊತೆಗೇ ಇರಬೇಕೆಂದು ಈಗಿನವರ ಊಹೆ. ಆಮೇಲೆ 102 ವರ್ಷ ಅದರ ಸುಳಿವಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು.

ಪೊಕಾಕ್ ಕಾಲದ ಕೆಲಸ ಹೆಚ್ಚಾಗಿ ಸತ್ತ ಮಾದರಿಗಳ ಮೇಲೆ. ಜೀವಂತ ಜೇಡಗಳ ಕೂಡಾಟವನ್ನು ಕುಳಿತು ನೋಡಿದವರಲ್ಲಿ ಮೊದಲಿಗರು ಅಮೆರಿಕದವರು. 1911ರಲ್ಲಿ ಪೆಟ್ರುಂಕೆವಿಚ್ ಟೆಕ್ಸಾಸಿನ ಜೇಡದ ಪ್ರಣಯ ಮತ್ತು ಸಮಾಗಮದ ಬಗ್ಗೆ ಬರೆದರು. ಆರ್ಕನ್ಸಾದ ವಿಲಿಯಂ ಬೇರ್ಗ್ 1928ರಲ್ಲಿ ಗಂಡಿನ ಜೀವನಚಕ್ರ ಬರೆದು, 1958ರಲ್ಲಿ ಟರಾಂಟುಲಾ ಕುರಿತೇ ಪುಸ್ತಕ ತಂದರು. ಗಮನ ಗಂಡಿನತ್ತ ಹೋದದ್ದು ಸಹಜ. ಅದು ಕೊನೆಯ ಪೊರೆ ಬಿಟ್ಟು ಪ್ರಾಯಕ್ಕೆ ಬರುತ್ತದೆ, ಬಲೆಯ ಮೇಲೆ ವೀರ್ಯದ ಹನಿ ಇಟ್ಟು ಮುಂಗೈಯಂಥ ಸ್ಪರ್ಶಾಂಗಗಳಲ್ಲಿ ಹೀರಿಕೊಳ್ಳುತ್ತದೆ, ಹೆಣ್ಣನ್ನು ಹುಡುಕುತ್ತ ಅಲೆದು ಹೆಚ್ಚು ಕಾಲ ಉಳಿಯದೆ ಸಾಯುತ್ತದೆ. ಎಲ್ಲವೂ ಕಣ್ಣೆದುರೇ.

ಹೆಣ್ಣಿನದು ಹಾಗಲ್ಲ. ಪ್ರಾಯಕ್ಕೆ ಬಂದ ಮೇಲೂ ಅದು ವರ್ಷಗಟ್ಟಲೆ ಪೊರೆ ಬಿಡುತ್ತಲೇ ಇರುತ್ತದೆ. ಬಿಟ್ಟ ಪೊರೆ ಹಸಿಯಿರುವಾಗಲೇ ಮೃದುವಾಗಿ ಬಿಡಿಸಿ ಹೊಟ್ಟೆಯ ಒಳಮೈ ನೋಡಿದರೆ ನಾಲ್ಕು ಬಿಳಿ ಮಚ್ಚೆಗಳು ಕಾಣುತ್ತವೆ, ಅವು ಶ್ವಾಸಕೋಶದ ಗುರುತು. ಮೇಲಿನ ಎರಡರ ನಡುವೆ ಪುಟ್ಟ ಚೀಲದಂಥ ಮಡಿಕೆ ಇದ್ದರೆ ಅದು ಹೆಣ್ಣು. ವೀರ್ಯ ಕೂಡಿಡುವ ಆ ಚೀಲದ ಒಳಪದರವೂ ಚರ್ಮದ್ದೇ ಭಾಗ, ಹಾಗಾಗಿ ಪೊರೆಯ ಜೊತೆ ಅದೂ ಕಳಚುತ್ತದೆ, ಒಳಗಿದ್ದ ವೀರ್ಯವೂ ಹೋಗುತ್ತದೆ. ನಿನ್ನೆ ಗಂಡು ಕೂಡಿದ್ದ ಹೆಣ್ಣು ಇಂದು ಪೊರೆ ಬಿಟ್ಟರೆ ಮತ್ತೆ ಕನ್ಯೆ. ಇಡೀ ವಿದ್ಯೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಅದನ್ನು ಕೈಕಸುಬಾಗಿ ಪಳಗಿಸಿದವರು ಪ್ರೊಫೆಸರುಗಳಿಗಿಂತ ಹೆಚ್ಚಾಗಿ ಹವ್ಯಾಸಿಗಳು ಎನ್ನಬೇಕು. ಮೆಕ್ಸಿಕೊದ ಕೆಂಪು ಮೊಣಕಾಲಿನ ಜೇಡದ ವ್ಯಾಪಾರಕ್ಕೆ 1985ರಲ್ಲಿ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದ ಕಡಿವಾಣ ಹಾಕಿದ ಮೇಲೆ ಸಾಕಿದವುಗಳಿಂದಲೇ ಮರಿ ಪಡೆಯುವುದಕ್ಕೆ ಬೆಲೆ ಬಂತು. ಕ್ರಮೇಣ ಒಂದು ರೂಢಿ ಕುದುರಿತು. ಪೊರೆ ಬಿಟ್ಟ ಹೆಣ್ಣಿನ ಕೋರೆಹಲ್ಲು ಮೊದಲು ಬೆಳ್ಳಗೆ, ಮೆತ್ತಗೆ ಇರುತ್ತದೆ. ಕಪ್ಪಾಗಿ ಗಟ್ಟಿಯಾಗುವವರೆಗೆ ಮೇವು ಕೊಡಬಾರದು. ಆಮೇಲೆ ಕೆಲವು ವಾರ ಹೊಟ್ಟೆ ತುಂಬ ತಿನ್ನಿಸಿ, ಅದಾದ ಮೇಲಷ್ಟೇ ಗಂಡನ್ನು ಬಿಡಬೇಕು. ಅವಸರ ಮಾಡಿದರೆ ಹಸಿದ ಹೆಣ್ಣಿಗೆ ಗಂಡೇ ಊಟ. ತಡಮಾಡಿದರೆ ಮೊಟ್ಟೆ ಇಡುವ ಮೊದಲೇ ಇನ್ನೊಂದು ಪೊರೆ ಬಿಟ್ಟು ಕೂಡಿಸಿದ್ದೆಲ್ಲ ನೀರಲ್ಲಿ ಹೋಮ. ಮೇವು ಬಿಟ್ಟು ಬಣ್ಣ ಮಂಕಾದ ಹೆಣ್ಣಿನ ಹತ್ತಿರ ಬಲ್ಲವರು ಗಂಡನ್ನು ತರುವುದಿಲ್ಲ.

ಈ ರೂಢಿ ಬಯಲಿನಲ್ಲೂ ನಿಜವೇ? ಉರುಗ್ವೆಯ ಫರ್ನಾಂಡೊ ಕೋಸ್ಟಾ ಮತ್ತು ಫರ್ನಾಂಡೊ ಪೆರೆಸ್-ಮೈಲ್ಸ್ 2002ರಲ್ಲಿ ತಮ್ಮ ದೇಶದ ಟರಾಂಟುಲಾಗಳ ಸಂತಾನಕ್ರಮವನ್ನು ಪ್ರಕಟಿಸಿದರು. ಅಲ್ಲಿನ ಕೆಲವು ಜಾತಿಗಳಲ್ಲಿ ಹೆಣ್ಣುಗಳು ಬೇಸಿಗೆಯಲ್ಲಿ ಪೊರೆ ಬಿಟ್ಟು ಸಿದ್ಧವಾದ ಮೇಲೆ, ಶರತ್ಕಾಲದಲ್ಲಿ ಗಂಡುಗಳು ಹೊರಬೀಳುತ್ತವೆ. ಸಾಕಣೆದಾರರು ಡಬ್ಬಿಯಲ್ಲಿ ಕಂಡುಕೊಂಡ ಕ್ರಮವನ್ನು ಋತುಮಾನ ಆಗಲೇ ಇಟ್ಟುಕೊಂಡಿತ್ತು.

ಗುತ್ತಿಯ ನೀಲಿ ಜೇಡದ ಕತೆ ಮಾತ್ರ ಉಲ್ಟಾ. ಅದರ ಗಂಡಿನ ಶಾಸ್ತ್ರೀಯ ವಿವರಣೆ ಅಚ್ಚಾದದ್ದು 2006ರಲ್ಲಿ. ಅಷ್ಟರಲ್ಲಿ ಹೊರದೇಶಗಳ ಗಾಜಿನ ಪೆಟ್ಟಿಗೆಗಳಲ್ಲಿ ಅದರ ಮರಿಗಳೇ ಓಡಾಡುತ್ತಿದ್ದವು. ಈ ಗಂಡಿಗೆ ಹೆಣ್ಣಿನ ಕೋರೆ ತಡೆಹಿಡಿಯಲು ಮುಂಗಾಲಿನ ಕೊಕ್ಕೆ ಇಲ್ಲ. ಮೈ ನಡುಗಿಸಿ, ಕಾಲು ಬಡಿದು ಒಪ್ಪಿಗೆ ಕೇಳಬೇಕು. ಪೊರೆಯ ಲೆಕ್ಕವೊಂದೇ ಇದಕ್ಕೆ ಸಾಲದು ಎನ್ನುವ ಅನುಭವಿಗಳು ಡಬ್ಬಿಯನ್ನು ಕೆಲಕಾಲ ಒಣಗಲು ಬಿಟ್ಟು ಆಮೇಲೆ ನೀರು ಚಿಮುಕಿಸುತ್ತಾರೆ. ಜೂನ್ ತಿಂಗಳಿನ ಮಳೆಯನ್ನು ಡಬ್ಬಿಗೆ ತಂದಂತೆ. ತಾಯ್ನೆಲದ ಕಾಡಿನ ಟಿಪ್ಪಣಿಗಿಂತ ಪರದೇಶದ ಡಬ್ಬಿಯ ಟಿಪ್ಪಣಿಯೇ ದಪ್ಪವಾಗಿರುವುದು ನನಗಂತೂ ಇರಿಸುಮುರಿಸು.

2008ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಘಟನೆ ಐಯುಸಿಎನ್ ಈ ನೀಲಿ ಜೇಡವನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪಟ್ಟಿಗೆ ಸೇರಿಸಿತು. 2019ರಲ್ಲಿ ಇಡೀ ಪೊಸಿಲೊಥೀರಿಯಾ ಕುಲವೇ ಸೈಟ್ಸ್‌ನ ಎರಡನೇ ಅನುಬಂಧಕ್ಕೆ ಬಂತು, ರೂಢಿಯಲ್ಲಿ ಮೈಸೂರಿನ ಹೆಸರು ಹೊತ್ತ, 1895ರಲ್ಲಿ ಪೊಕಾಕ್ ಕೈಯಲ್ಲಿ ದಾಖಲಾದ ಅದೇ ಕುಲದ ಸ್ಟ್ರಯಾಟಾ ಜಾತಿ ಕೂಡ. 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆ ಸೈಟ್ಸ್ ಪಟ್ಟಿಯ ಪ್ರಾಣಿಗಳನ್ನು ನಾಲ್ಕನೇ ಅನುಸೂಚಿಗೆ ಸೇರಿಸಿತು, 2024ರ ನಿಯಮಗಳು ಅಂಥ ಜೀವಂತ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದವು. ಯಾರಾದರೂ ಸಾಕಿದ ಮರಿ ಎಂದು ನೀಲಿ ಜೇಡ ಮಾರಲು ಬಂದರೆ, ಪೊರೆಯ ತಾರೀಖಿಗೆ ಮುಂಚೆ ಕೇಳಬೇಕಾದ್ದು ಆ ನೋಂದಣಿಯ ಕಾಗದವನ್ನು.