ಹಿಡಿ ಕಾಳಿನ ಲೆಕ್ಕ: ರಾಯಚೂರು ಸೀಮೆಯ ಬಡ ಕ್ರೈಸ್ತರ ಚರಿತ್ರೆ

ಬಡವನೊಬ್ಬ ತನ್ನ ನಂಬಿಕೆಯನ್ನು ಬದಲಿಸಿದನೆಂದರೆ ನಮ್ಮ ಸಮಾಜ ಮೊದಲು ಕೇಳುವ ಪ್ರಶ್ನೆ, 'ಅವನಿಗೆ ಎಷ್ಟು ಕೊಟ್ಟರು?' ಎಂಬುದು. ಉಳ್ಳವನ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಉಳ್ಳವನಿಗೆ ಮನಸ್ಸಿದೆ, ವಿವೇಕವಿದೆ, ಹುಡುಕಾಟವಿದೆ ಎಂದು ನಾವು ಒಪ್ಪಿಕೊಳ್ಳುತ್ತೇವೆ. ಬಡವನಿಗೆ ಮಾತ್ರ ಹೊಟ್ಟೆಯೊಂದೇ ಇದೆ ಎಂದು ಭಾವಿಸುತ್ತೇವೆ. ಕ್ರೈಸ್ತರಾದ ದಲಿತರನ್ನು 'ಹಿಡಿ ಅಕ್ಕಿಗಾಗಿ ದೇವರನ್ನು ಮಾರಿಕೊಂಡವರು' ಎಂದು ಹಂಗಿಸುವ ಮಾತು ಬಹಳ ಹಳೆಯದು. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆ ಕಾಯ್ದೆ ಜಾರಿಗೆ ಬಂದಾಗಲೂ 'ಆಮಿಷ' ಎಂಬ ಪದವೇ ಚರ್ಚೆಯ ಕೇಂದ್ರದಲ್ಲಿತ್ತು. ಆ ಕಾಯ್ದೆಯನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಆ ಪದದ ಹಿಂದಿರುವ ತಿರಸ್ಕಾರ ಯಾವ ಸಂಪುಟದ ತೀರ್ಮಾನದಿಂದಲೂ ರದ್ದಾಗುವಂಥದ್ದಲ್ಲ.

ಆದ್ದರಿಂದ ನಾವು ಇಲ್ಲಿ ಆ ಹಿಡಿ ಅಕ್ಕಿಯ ಲೆಕ್ಕವನ್ನೇ ತೆಗೆದು ನೋಡೋಣ. ಯಾರು ಕೊಟ್ಟರು? ಯಾರು ಪಡೆದರು? ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆ ಈ ಲೆಕ್ಕಕ್ಕೆ ತಕ್ಕ ಜಾಗ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ದೋಆಬ್ ಎರಡು ನದಿಗಳಿದ್ದೂ ಬರಕ್ಕೆ ಹೆಸರಾದ ನೆಲ.

ಸುಲ್ತಾನರ ನೆರಳಿನಲ್ಲಿ

ಈ ಸೀಮೆಗೆ ಕ್ರೈಸ್ತ ಧರ್ಮ ಬ್ರಿಟಿಷರ ಜೊತೆಯಲ್ಲಿ ಬಂದದ್ದಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಕೆಥೋಲಿಕ್ ಸಮುದಾಯ ಬಿಜಾಪುರದ ಆದಿಲ್‌ಶಾಹಿಗಳ ಕಾಲದ್ದು. ಗೋವೆಯಿಂದ ಬಂದ ಪಾದ್ರಿಗಳು ಅಲ್ಲಿ ನೆಲೆ ಮಾಡಿದರು. ಮುಸ್ಲಿಮ್ ಸುಲ್ತಾನರು ಅವರಿಗೆ ಆಶ್ರಯ ನೀಡಿದರು. ಒಂದೆಡೆ ಗೋವೆಯ ಪೋರ್ಚುಗೀಸರೊಂದಿಗೆ ಬಿಜಾಪುರ ಯುದ್ಧ ಮಾಡುತ್ತಿದ್ದ ಕಾಲ ಅದು. ಇನ್ನೊಂದೆಡೆ ಅದೇ ಬಿಜಾಪುರದ ಕೋಟೆಯೂರಿನಲ್ಲಿ ಕ್ರೈಸ್ತರು ಪ್ರಾರ್ಥನೆ ಮಾಡಿಕೊಂಡಿದ್ದರು. ಯುದ್ಧ ಬೇರೆ, ಪ್ರಜೆಯ ನಂಬಿಕೆ ಬೇರೆ ಎಂಬ ತಿಳಿವಳಿಕೆ ಅಂದಿನ ಅರಸರಿಗಿತ್ತು. ಮೊಹರಮ್‌ಗೆ ಹೆಸರಾದ ಮುದಗಲ್ಲು ಇಂತಹ ಹಳೆಯ ಇಗರ್ಜಿಯ ಊರೂ ಹೌದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಆದರೆ ಅರಸರ ಆಶ್ರಯ ಶಾಶ್ವತವಲ್ಲ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಮುಂದೆ ಈ ನೆಲ ನಿಜಾಮರ ಆಳ್ವಿಕೆಗೆ ಸೇರಿತು. 1759ರಲ್ಲಿ ಪೋರ್ಚುಗಲ್ ತನ್ನ ನೆಲದಿಂದ ಜೆಸ್ವಿಟ್ ಪಾದ್ರಿಗಳನ್ನು ಹೊರಗಟ್ಟಿತು; 1773ರಲ್ಲಿ ಪೋಪರೇ ಆ ಸಂಘವನ್ನು ವಿಸರ್ಜಿಸಿದರು. ಅದು ಮತ್ತೆ ಜೀವ ಪಡೆದದ್ದು 1814ರಲ್ಲಿ. ನಾಲ್ಕೈದು ದಶಕಗಳ ಆ ಅವಧಿಯಲ್ಲಿ ಗೋವೆಯಿಂದ ದೂರದಲ್ಲಿದ್ದ ಸಣ್ಣ ಸಣ್ಣ ಕ್ರೈಸ್ತ ನೆಲೆಗಳಿಗೆ ಕೊಡುವ ಕೈ ಯಾವುದಿತ್ತು? ಆದರೂ ಮುದಗಲ್ಲಿನಲ್ಲಿ ನಂಬಿಕೆ ಉಳಿಯಿತು. ಪಾದ್ರಿ ಇಲ್ಲದ ಊರಿನಲ್ಲಿ ಧರ್ಮವನ್ನು ಉಳಿಸುವುದು ಮನೆ. ಮನೆಯಲ್ಲಿ ಅದನ್ನು ಉಳಿಸುವವಳು ತಾಯಿ. ಮಗುವಿಗೆ ಶಿಲುಬೆಯ ಗುರುತು ಹಾಕಲು ಕಲಿಸುವುದು, ಉಪವಾಸದ ದಿನವನ್ನು ನೆನಪಿಟ್ಟುಕೊಳ್ಳುವುದು, ಸತ್ತವರಿಗಾಗಿ ಪ್ರಾರ್ಥಿಸುವುದು, ಇವೆಲ್ಲ ಒಲೆಯ ಮುಂದೆ ನಡೆಯುವ ಪಾಠಗಳು. ಇವುಗಳಿಗೆ ದಾಖಲೆ ಇರುವುದಿಲ್ಲ. ಮುಂದಿನ ತಲೆಮಾರು ಉಳಿದುಕೊಂಡಿರುವುದೇ ಇವುಗಳ ದಾಖಲೆ.

ಬರ ಕೇಳಿದ ಪ್ರಶ್ನೆ

'ಅಕ್ಕಿಗಾಗಿ ಮತಾಂತರ' ಎಂಬ ಆರೋಪಕ್ಕೆ ಬಲ ಬಂದದ್ದು 1876ರಿಂದ 1878ರವರೆಗಿನ ಮಹಾ ಬರದಿಂದ. ಜನ ಅದನ್ನು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನಪಿಟ್ಟುಕೊಂಡರು. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆಯಲ್ಲಿ 1871ರಿಂದ 1881ರ ನಡುವೆ ಸುಮಾರು ಐದನೇ ಒಂದು ಪಾಲು ಜನಸಂಖ್ಯೆ ಕರಗಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದಿಂದ 42 ಲಕ್ಷದೊಳಕ್ಕೆ ಇಳಿಯಿತು. ಈಚೆ ದಡದ ರಾಯಚೂರು ಸೀಮೆಯೂ ಇದರಿಂದ ಪಾರಾಗಲಿಲ್ಲ. ಹಗೇವುಗಳು ಬರಿದಾದವು, ದನಗಳು ಸತ್ತವು. ದನ ಸತ್ತ ಮೇಲೆ ಚರ್ಮದ ಕಸುಬಿನ ಮಾದಿಗರಿಗೆ ಉಳಿದದ್ದೇನು?

ರಾಯಚೂರು, ಮಾನ್ವಿ, ದೇವದುರ್ಗಗಳ ಹಳ್ಳಿಗಳಲ್ಲಿ ಮುಂದೆ ಕ್ರೈಸ್ತರಾದವರಲ್ಲಿ ಈ ಸಮುದಾಯದವರೇ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಮೆಥೊಡಿಸ್ಟರು ಇಲ್ಲಿಗೆ ಬಂದಾಗ ಅವರ ಮಾತಿಗೆ ಕಿವಿಗೊಟ್ಟವರು ಊರ ಹೊರಗಿನ ಕೇರಿಯವರು. ಆದರೆ ಬರಕ್ಕೂ ಮತಾಂತರಕ್ಕೂ ಇರುವ ಸಂಬಂಧವನ್ನು ತಿಳಿಯಲು ನಾವು ಪೂರ್ವದ ತೆಲುಗು ಸೀಮೆಯತ್ತ ಒಮ್ಮೆ ನೋಡಬೇಕು. ಅಲ್ಲಿನ ಮಾದಿಗರೂ ಇಲ್ಲಿನ ಮಾದಿಗರೂ ಕುಲದಿಂದಲೂ ಕಸುಬಿನಿಂದಲೂ ಒಂದೇ. ಇಂದಿನ ಆಂಧ್ರದ ಒಂಗೋಲಿನಲ್ಲಿ ನಡೆದ ಘಟನೆಯ ವಿವರ ಸ್ಪಷ್ಟವಾಗಿ ದಾಖಲಾಗಿದೆ.

ಒಂಗೋಲಿನಲ್ಲಿ ಜಾನ್ ಕ್ಲಫ್ ಎಂಬ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಇದ್ದರು. ಬರದ ಕಾಲದಲ್ಲಿ ಅವರು ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಕೆಲಸದ ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೂಲಿ ಒದಗಿಸಿದರು. ಕೂಲಿಗೆ ಬಂದವರಲ್ಲಿ ಅನೇಕರು ದೀಕ್ಷಾಸ್ನಾನ ಕೇಳಿದರು. ಕ್ಲಫ್ ಕೊಡಲಿಲ್ಲ. ಹಸಿವಿನ ಕಾಲದಲ್ಲಿ ಯಾರನ್ನೂ ಸಭೆಗೆ ಸೇರಿಸಿಕೊಳ್ಳುವುದಿಲ್ಲವೆಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ಮುಚ್ಚಿದರು. ಮಳೆಯಾಗಿ, ಪರಿಹಾರದ ಹಣ ನಿಂತ ಮೇಲೂ ಜನ ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ಕೊಡಲು ಏನೂ ಉಳಿಯದಿದ್ದಾಗ ಬಂದವರು ಅವರು.

ಓದುಗರು ಇನ್ನೊಂದನ್ನೂ ಗಮನಿಸಬೇಕು. ಆ ಚಳವಳಿಯನ್ನು ಹುಟ್ಟುಹಾಕಿದ್ದು ಬರವೂ ಅಲ್ಲ, ಬಿಳಿಯ ಪಾದ್ರಿಯೂ ಅಲ್ಲ. ಬರಕ್ಕೆ ಹತ್ತು ವರ್ಷ ಮೊದಲೇ, 1866ರಲ್ಲಿ, ಯೆರ್ರಗುಂಟ್ಲ ಪೆರಯ್ಯ ಎಂಬ ಮಾದಿಗ ಚರ್ಮದ ವ್ಯಾಪಾರಿ ತಾನಾಗಿ ಹುಡುಕಿಕೊಂಡು ಹೋಗಿ ಕ್ರೈಸ್ತನಾಗಿದ್ದ. ಅದಕ್ಕೆ ಮೊದಲು ಆತ ರಾಜಯೋಗದ ಗುರುಗಳ ಬಳಿ ದೇವರನ್ನು ಅರಸಿದ್ದವನು. ಅಂದರೆ ಕೇರಿಯಲ್ಲೂ ಹುಡುಕಾಟವಿತ್ತು.

ಹೊಟ್ಟೆಗೂ ನಂಬಿಕೆಗೂ ಸಂಬಂಧವೇ ಇಲ್ಲವೆಂದು ನಾವು ವಾದಿಸುತ್ತಿಲ್ಲ. ಹಸಿದವರು ಅನ್ನ ಕೊಟ್ಟವರ ಕಡೆ ಮುಖ ಮಾಡುತ್ತಾರೆ. ಅದು ಸಹಜ, ಅದರಲ್ಲಿ ಅವಮಾನವಿಲ್ಲ. ಅನ್ನ ಸಿಕ್ಕಿದ ಮೇಲೆ ಮರಳಿ ಹೋದವರೂ ಇದ್ದಾರು. ಆದರೆ ಹೋಗದೆ ಉಳಿದವರನ್ನು ಉಳಿಸಿದ್ದು ಯಾವುದು?

ಒಲೆಯ ಪಕ್ಕದ ಗಡಿಗೆ

ಉತ್ತರಕ್ಕಾಗಿ ಮನೆಯೊಳಗೆ ಹೋಗಬೇಕು. ನಮ್ಮ ಈ ಸೀಮೆಯ ಬಡ ಮನೆಯ ಆಡಳಿತ ಎಲ್ಲ ಜಾತಿಮತಗಳಲ್ಲೂ ಒಂದೇ ತೆರನದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹಿಟ್ಟು ಕಡಿಮೆಯಾದಾಗ ನುಚ್ಚು, ಅದೂ ಇಲ್ಲದಾಗ ಅಂಬಲಿ. ಬಿಸಿಲಿಗೆ ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಬಾಳುತ್ತದೆ. ಹರಿದ ಸೀರೆ ಕೌದಿಯಾಗುತ್ತದೆ. ಸುಗ್ಗಿಯ ಕೂಲಿಯಲ್ಲಿ ಬಂದ ಜೋಳವನ್ನು ಮುಂದಿನ ಮಳೆಗಾಲದವರೆಗೆ ಎಳೆಯುವ ಲೆಕ್ಕ ಹೆಂಗಸಿನ ತಲೆಯಲ್ಲಿರುತ್ತದೆ.

ಈ ಬಡತನದ ಲೆಕ್ಕದೊಳಗೇ ದಕ್ಷಿಣ ಭಾರತದ ಕ್ರೈಸ್ತ ಸಭೆಗಳು ಒಂದು ಪದ್ಧತಿಯನ್ನು ಬೆಳೆಸಿದವು. ಅಡುಗೆಗೆ ಕಾಳು ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುವುದು. ವಾರಕ್ಕೊಮ್ಮೆ ಅದನ್ನು ಗುಡಿಗೆ, ಅಂದರೆ ಚರ್ಚಿಗೆ, ಒಯ್ದು ಕೊಡುವುದು. ರಾಯಚೂರಿನಂತೆಯೇ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಡೋರ್ನಕಲ್‌ನಲ್ಲಿ ಈ ಪದ್ಧತಿಗೆ ದೊಡ್ಡ ಬಲ ಬಂತು. 1912ರಲ್ಲಿ ಅಲ್ಲಿಗೆ ಬಿಷಪ್ ಆದ ವಿ.ಎಸ್. ಅಝರಾಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ವಿದೇಶದ ಹಣದಿಂದ ನಡೆಯುವ ಸಭೆ ಎಂದೂ ತನ್ನ ಕಾಲ ಮೇಲೆ ನಿಲ್ಲದು ಎಂಬುದು ಅವರ ನಿಲುವು. ಅಲ್ಲಿನ ಸಭೆಯ ಬಹುಪಾಲು ಜನ ಮಾಲ, ಮಾದಿಗ ಕೂಲಿಗಳು. ಅವರ ಹೆಂಗಸರ ಹಿಡಿ ಅಕ್ಕಿಯನ್ನು ನೆಚ್ಚಿಯೇ ಅವರು ಸಭೆ ಕಟ್ಟಿದರು. 1939ರಲ್ಲಿ ಪ್ರತಿಷ್ಠಾಪನೆಗೊಂಡ ಡೋರ್ನಕಲ್‌ನ ಮಹಾದೇವಾಲಯದಲ್ಲಿ ಮಸೀದಿಯ ಗುಮ್ಮಟವೂ ಇದೆ, ಹಿಂದೂ ದೇಗುಲದ ಕಂಬಗಳೂ ಇವೆ. ದೂರದ ಮಿಜೋರಾಮ್‌ನಲ್ಲೂ 1910ರಲ್ಲಿ ಮಹಿಳೆಯರಿಂದ ಇದೇ ಪದ್ಧತಿ ಆರಂಭವಾಯಿತು. ಅಲ್ಲಿನ ಸಭೆಗಳ ಮುಖ್ಯ ಆದಾಯಗಳಲ್ಲಿ ಒಂದಾಗಿ ಬೆಳೆಯಿತು.

ಹಿಡಿ ಕಾಳು ಸಣ್ಣದು. ಆದರೆ ಅದು ಮಿಕ್ಕಿದ್ದರಲ್ಲಿ ಕೊಟ್ಟದ್ದಲ್ಲ, ಬೇಯುವ ಮೊದಲೇ ತೆಗೆದಿಟ್ಟದ್ದು. ಎರಡು ಕಾಸು ಹಾಕಿದ ಬಡ ವಿಧವೆಯ ಕಾಣಿಕೆಯೇ ಎಲ್ಲರಿಗಿಂತ ದೊಡ್ಡದೆಂದು ಯೇಸು ಹೇಳಿದ ಪ್ರಸಂಗ ಬೈಬಲಿನಲ್ಲಿದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ಒಂದು ದಿನದ ಆಹಾರವನ್ನು ಮಾತ್ರ, ನಾಳೆಯ ಕಣಜವನ್ನಲ್ಲ. ದಿನಗೂಲಿಯ ಮನೆಗೆ ಈ ಪ್ರಾರ್ಥನೆ ವ್ಯಾಖ್ಯಾನವಿಲ್ಲದೆ ಅರ್ಥವಾಗುತ್ತದೆ. ಇಲ್ಲಿ ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಜಿಪುಣ ತನಗಾಗಿ ಉಳಿಸುತ್ತಾನೆ. ಈ ಮನೆಯೊಡತಿ ಉಳಿಸಿದ್ದು ತನಗಿಂತ ಹಸಿದವರಿಗಾಗಿ, ಊರಿನ ಶಾಲೆಗಾಗಿ, ಸುವಾರ್ತೆ ಹೇಳುವವನ ಊಟಕ್ಕಾಗಿ. ಶತಮಾನಗಳ ಕಾಲ ಪರರ ಅಂಗಳದಲ್ಲಿ ಕೈಯೊಡ್ಡಿ ನಿಲ್ಲಬೇಕಾಗಿದ್ದ ಕುಲದ ಹೆಣ್ಣು ಮಗಳು ಕೊಡುವವಳಾದಳು. ಉಳಿದವರನ್ನು ಉಳಿಸಿದ್ದು ಪಡೆದ ಅಕ್ಕಿಯಲ್ಲ, ಕೊಟ್ಟ ಅಕ್ಕಿ ಎಂದು ನಾವು ಹೇಳುವುದು ಇದರಿಂದ.

ಇದೇ ನೆಲದ ಮಾತು

ಹಿಡಿ ಕಾಳಿನ ಈ ಧರ್ಮ ಈ ನೆಲಕ್ಕೆ ಹೊರಗಿನದೂ ಅಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಲಿಂಗಸುಗೂರಿನ ಬಳಿಯ ಅಮರೇಶ್ವರದವರು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು. ಒಂದು ದಿನ ಗಂಡ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದವಳು ಲಕ್ಕಮ್ಮ. ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಬಾಳಿದ ನೆಲವೂ ಇದೇ. ಮನೆಮನೆಯಿಂದ ಹಿಡಿ ಅಕ್ಕಿ ಪಡೆಯುವ ಯಾಯಿವಾರ ದಾಸ ಪರಂಪರೆಯ ನಡೆ. ಮುಸ್ಲಿಮರಲ್ಲೂ ಮದ್ರಸಗಳಿಗೆ ಮನೆಯಲ್ಲಿ ಹಿಡಿ ಅಕ್ಕಿ, ಹಿಡಿ ಹಿಟ್ಟು ತೆಗೆದಿಡುವ ರೂಢಿಯಿದೆ. 1866ರಲ್ಲಿ ಆರಂಭವಾದ ದೇವಬಂದ್‌ನ ದಾರುಲ್ ಉಲೂಮ್, ನವಾಬರ ಅನುದಾನಕ್ಕಿಂತ ಸಾಮಾನ್ಯರ ಚಂದಾ ಮೇಲು ಎಂಬುದನ್ನು ತನ್ನ ನಿಯಮವನ್ನಾಗಿಯೇ ಮಾಡಿಕೊಂಡಿತ್ತು. ಇವರಲ್ಲಿ ಯಾರನ್ನೂ ನಾವು ಅಕ್ಕಿಗಾಗಿ ಧರ್ಮ ಹಿಡಿದವರೆಂದು ಕರೆಯುವುದಿಲ್ಲ. ಹಾಗಾದರೆ ಕೇರಿಯ ಕ್ರೈಸ್ತನಿಗೆ ಮಾತ್ರ ಆ ಹೆಸರೇಕೆ?

ಕಳೆದುಕೊಂಡದ್ದರ ಲೆಕ್ಕ

ಲೆಕ್ಕವೆಂದ ಮೇಲೆ ನಷ್ಟವನ್ನೂ ಬರೆಯಬೇಕು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಆ ಪಟ್ಟಿಯೊಳಕ್ಕೆ ಸೇರಿಸಲಾಯಿತು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಧರ್ಮದ ಆಧಾರದ ಈ ನಿರ್ಬಂಧವನ್ನು ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು, ಶಿಫಾರಸು ಜಾರಿಯಾಗಲಿಲ್ಲ. ಕರ್ನಾಟಕದಲ್ಲಿ ಇಂಥವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಡಲಾಗಿದೆ. ಊರಿನವರ ಕಣ್ಣಿಗೆ ಅವನು ಹಳೆಯ ಜಾತಿಯವನೇ. ಕಾಗದದ ಕಣ್ಣಿಗೆ ಅಲ್ಲ. ಹೋಟೆಲಿನ ಬೇರೆ ಲೋಟ ಅವನ ಪ್ರಾರ್ಥನೆಯನ್ನು ಕೇಳಿ ಬದಲಾಗುವುದಿಲ್ಲ. ಶಿಲುಬೆಯನ್ನು ಮನೆಯ ಗೋಡೆಯ ಮೇಲೆ ತೂಗುಹಾಕಿದವನು ಮೀಸಲಾತಿ, ವಿದ್ಯಾರ್ಥಿವೇತನ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ, ಇವೆಲ್ಲವನ್ನೂ ಪಣಕ್ಕಿಟ್ಟಿರುತ್ತಾನೆ. ಇದನ್ನು ಆಮಿಷವೆಂದು ಕರೆಯುವುದು ಹೇಗೆ?

1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಂದ ಮೇಲೆ ಮಾನ್ವಿಯ ಹೊಲಗಳಿಗೆ ನೀರು, ಬತ್ತ ಬಂತು. ದೇವದುರ್ಗಕ್ಕೆ ಮುಂದೆ ನಾರಾಯಣಪುರ ಬಲದಂಡೆಯ ನೀರು ಬಂತು. ಆದರೆ ಕಾಲುವೆಯ ಕೊನೆಯ ಹಳ್ಳಿಗಳೂ ಭೂಮಿಯಿಲ್ಲದ ಮನೆಗಳೂ ಹಾಗೇ ಉಳಿದವು. ಬೇಸಿಗೆ ಬಂತೆಂದರೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ. ಇಂತಹ ಮನೆಗಳ ಮಕ್ಕಳಿಗಾಗಿ 2000ದ ದಶಕದ ಆರಂಭದಲ್ಲಿ ಜೆಸ್ವಿಟರು ಮಾನ್ವಿ ತಾಲೂಕಿನ ಪನ್ನೂರಿಗೆ ಬಂದು ಶಾಲೆ ತೆರೆದರು. ಅಕ್ಷರ ಕಲಿತ ಮೊದಲ ತಲೆಮಾರು ಅಲ್ಲಿ ಓದಿದೆ. ಇದನ್ನು ಅನುಮಾನದಿಂದ ನೋಡುವವರಿಗೆ ನಮ್ಮದೊಂದು ಪ್ರಶ್ನೆ: ಅದಕ್ಕೆ ಮುಂಚಿನ ಇಷ್ಟು ವರ್ಷ ಆ ಕೇರಿಗೆ ಶಾಲೆ ಕೊಡಲು ನಮ್ಮ ಕೈ ಹಿಡಿದವರು ಯಾರು?

ಬಡವರ ಚರಿತ್ರೆಯನ್ನು ಬರೆಯುವಾಗ ನಾವು ಅವರಿಗೆ ಸಿಕ್ಕಿದ್ದನ್ನು ಮಾತ್ರ ಎಣಿಸುತ್ತೇವೆ. ಅವರು ಕೊಟ್ಟದ್ದು ಎಣಿಕೆಗೆ ಬರುವುದಿಲ್ಲ, ಏಕೆಂದರೆ ಅದು ಹಿಡಿಹಿಡಿಯಾಗಿ ಬಂದದ್ದು. ರಶೀದಿಯಿಲ್ಲದೆ, ಶಿಲಾಫಲಕವಿಲ್ಲದೆ ಬಂದದ್ದು. ನೆರೆಮನೆಯವನ ನಂಬಿಕೆ ನಮ್ಮದಾಗಬೇಕಿಲ್ಲ. ಆದರೆ ಅವನ ಒಲೆಯ ಪಕ್ಕದ ಗಡಿಗೆಯನ್ನು ಗೌರವಿಸುವಷ್ಟು ದೊಡ್ಡ ಮನಸ್ಸು ನಮಗಿರಬೇಕು. ಅಷ್ಟಾದರೆ, 'ಅವನಿಗೆ ಎಷ್ಟು ಕೊಟ್ಟರು?' ಎಂದು ಕೇಳುವ ನಾಲಿಗೆ ತಾನಾಗಿಯೇ ತಡೆಯುತ್ತದೆ.