ಭೋರ್ ಘಾಟ್‌ನ ಬಾಕಿ ಕೂಲಿ

ಹೋದ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನ ಒಬ್ಬ ಗೌಂಡಿ ಮೇಸ್ತ್ರಿ ನಮ್ಮನ್ನು ಹುಡುಕಿಕೊಂಡು ಬಸ್ ಸ್ಟ್ಯಾಂಡ್ ಪಕ್ಕದ ಚಹಾದಂಗಡಿಗೆ ಬಂದರು. ಕೈಯಲ್ಲಿ ಮಕ್ಕಳು ಬರೆದು ಬಿಟ್ಟ ಒಂದು ನೋಟ್‌ಬುಕ್. ಅದರ ಹಿಂದಿನ ಪುಟಗಳಲ್ಲಿ ಹದಿನಾಲ್ಕು ಆಳುಗಳ ಹಾಜರಿ.

"ಸರ, ಕೆಲ್ಸ ಮುಗ್ದು ನಾಕ್ ತಿಂಗ್ಳಾತ್ರಿ. ಮೊದ್ಲು ಕೇಳಿದ್ರ ಬಿಲ್ ಆಗಿಲ್ಲ ಅಂದ್ರು. ಬಿಲ್ ಆದಮ್ಯಾಲ ಕೇಳಿದ್ರ ಗಿಲಾವು ಬಿರುಕು ಬಿಟ್ಟದ, ಅದಕ್ಕ ರೊಕ್ಕ ಹಿಡ್ದೀನಿ ಅಂತಾರ."

ದೊಡ್ಡ ಗುತ್ತಿಗೆದಾರರಿಗೂ ಫೋನ್ ಮಾಡಿ ಕೇಳಿದೆವು. ಅವರ ಮಾತೂ ಸುಳ್ಳೆಂದು ತಳ್ಳಿಹಾಕುವ ಹಾಗಿರಲಿಲ್ಲ. ಗೋಡೆಯಲ್ಲಿ ಬಿರುಕು ಇದ್ದದ್ದು ನಿಜ. ನೀರು ಸರಿಯಾಗಿ ಹೊಡೆದಿಲ್ಲ ಎಂದು ಅವರು. ಟ್ಯಾಂಕರ್ ಕಳಿಸಬೇಕಾದವರು ಅವರೇ ಎಂದು ಮೇಸ್ತ್ರಿ. ಯಾವುದೂ ಕಾಗದದ ಮೇಲಿಲ್ಲ. ಸುದ್ದಿ ಬರೆದು ಕಳಿಸಿದರೆ ಡೆಸ್ಕ್‌ನಲ್ಲಿ, ಇದು ಖಾಸಗಿ ವ್ಯವಹಾರ ಕಣ್ರಿ ಎಂದು ಪಕ್ಕಕ್ಕಿಟ್ಟರು. (ಸುದ್ದಿಗೆ ಇಷ್ಟು ಎಂದು ಎಣಿಸಿಕೊಂಡು ಬದುಕುವ ನಾವು ಸ್ಟ್ರಿಂಗರ್‌ಗಳೂ ಒಂದು ನಮೂನೆ ಉಪಗುತ್ತಿಗೆದಾರರೇ. ನಮ್ಮ ಬಿಲ್ಲಿನ ಕಥೆ ಇನ್ನೊಂದು ದಿನ ಹೇಳುತ್ತೇವೆ.)

ಕೂಲಿ ಬಾಕಿ ಮತ್ತು ಕೆಲಸದ ಗುಣಮಟ್ಟ, ಈ ಎರಡು ಜಗಳ ಯಾವಾಗಲೂ ಜೋಡಿಯಾಗಿಯೇ ಏಕೆ ಬರುತ್ತವೆ? ಈ ಪ್ರಶ್ನೆ ಹಿಡಿದು ಹಿಂದೆ ಹಿಂದೆ ಹೋದಾಗ ನಾವು ನಿಂತದ್ದು ಭೋರ್ ಘಾಟ್‌ನಲ್ಲಿ.

ನಮ್ಮ ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬೈಗೆ ದುಡಿಯಲು ಹೋದವರಿಗೆ ಆ ಘಾಟು ಹೊಸದಲ್ಲ. ಲೋಣಾವಳ ದಾಟಿದ ಮೇಲೆ ರೈಲು ಮೆಲ್ಲಗೆ ಇಳಿಯುತ್ತದೆ. ಒಂದಾದ ಮೇಲೊಂದು ಸುರಂಗ, ಮಕ್ಕಳ ಕೂಗಾಟ, ಕೆಳಗೆ ಕರ್ಜತ್ ಸ್ಟೇಷನ್, ಅಲ್ಲಿ ಬಿಸಿ ಬಟಾಟೆ ವಡಾ. ಊರಿಗೆ ಮರಳುವಾಗ ಅದೇ ಕರ್ಜತ್‌ನಲ್ಲಿ ಹಿಂದಿನಿಂದ ದೂಡಲು ಹೆಚ್ಚುವರಿ ಎಂಜಿನ್ ಹಚ್ಚುತ್ತಾರೆ. ಅಷ್ಟು ಕಡಿದಾದ ಏರು. ಕೆಲವು ಕಡೆ 37 ಅಡಿ ಮುಂದೆ ಹೋದರೆ 1 ಅಡಿ ಮೇಲೇರಬೇಕು.

ಈ ದಾರಿಯ ಕೆಲಸ ಶುರುವಾದದ್ದು 1856ರಲ್ಲಿ. ಕಟ್ಟಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಲಂಡನ್ನಿನ ಕಂಪನಿ. ಅದರ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ. ಸುಮಾರು 25 ಕಿಲೋಮೀಟರ್ ಉದ್ದ, 1,831 ಅಡಿ ಏರು, 25 ಸುರಂಗ, ಕಣಿವೆಗಳ ಮೇಲೆ ಎತ್ತರದ ಕಲ್ಲಿನ ಕಮಾನು ಸೇತುವೆಗಳು. ಕೆಲಸ ಹಿಡಿದವನು ವಿಲಿಯಂ ಫ್ರೆಡರಿಕ್ ಫೇವಿಯೆಲ್. 1853ರಲ್ಲಿ ಬೋರಿಬಂದರ್‌ನಿಂದ ಠಾಣೆಗೆ ಓಡಿದ ಮೊದಲ ರೈಲಿನ ದಾರಿಯನ್ನು ಫೌಲರ್ ಎಂಬುವನ ಜೊತೆ ಸೇರಿ ಕಟ್ಟಿದವನೂ ಇವನೇ. ಅಂದರೆ ಅನುಭವ ಇಲ್ಲದವನಲ್ಲ.

ಇಲ್ಲಿ ಹಣ ಹೇಗೆ ಇಳಿದು ಬರುತ್ತಿತ್ತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು.

ತುತ್ತತುದಿಯಲ್ಲಿ ಕಂಪನಿಯ ಷೇರುದಾರರು. ಅವರ ಹಣಕ್ಕೆ ವರ್ಷಕ್ಕೆ ಶೇಕಡಾ 5ರಷ್ಟು ಬಡ್ಡಿ ಖಾತ್ರಿ ಎಂದು 1849ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಕರಾರು ಮಾಡಿಕೊಟ್ಟಿತ್ತು. ರೈಲು ಗಳಿಸಿದರೆ ಸರಿ, ಗಳಿಸದಿದ್ದರೆ ಇಲ್ಲಿನ ರೈತರ ಕಂದಾಯದ ದುಡ್ಡಿನಿಂದ ತುಂಬಿಕೊಡಬೇಕು. ಅವರ ಕೆಳಗೆ ಕಂಪನಿಯ ಎಂಜಿನಿಯರ್‌ಗಳು. ಅಳತೆ ತೆಗೆದು, ಒಪ್ಪಿಗೆಯಾದ ಕೆಲಸಕ್ಕೆ ಮಾತ್ರ ಗುತ್ತಿಗೆದಾರನಿಗೆ ಹಣ. ಗುತ್ತಿಗೆದಾರ ಬೆಟ್ಟವನ್ನು ತುಂಡು ತುಂಡು ಮಾಡಿ ಉಪಗುತ್ತಿಗೆ ಕೊಡುತ್ತಾನೆ. ಈ ಸುರಂಗ ಒಬ್ಬನಿಗೆ, ಆ ಕಟ್ಟೆ ಇನ್ನೊಬ್ಬನಿಗೆ. ಅವರ ಕೆಳಗೆ ಮುಕಾದಮರು. ಊರೂರಿಗೆ ಹೋಗಿ, ಮುಂಗಡ ಕೊಟ್ಟು, ಗ್ಯಾಂಗು ಕಟ್ಟಿಕೊಂಡು ಬಂದವರು. ಎಲ್ಲರ ಕೆಳಗೆ ಗುದ್ದಲಿ, ಬುಟ್ಟಿ, ಸುತ್ತಿಗೆ ಹಿಡಿದವರು. ಗಂಡಸರು, ಹೆಂಗಸರು, ಮಕ್ಕಳು. ದಖ್ಖನಿನ ರೈಲು ದಾರಿಗಳ ಮಣ್ಣು ಕೆಲಸದಲ್ಲಿ ನಮ್ಮ ವಡ್ಡರ ಹೆಸರು ಹಳೆಯ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1861ರ ಹೊತ್ತಿಗೆ ಈ ಒಂದೇ ಘಾಟಿನಲ್ಲಿ 40 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು.

ಈ ಏಣಿಯಲ್ಲಿ ಮೇಲಿನವರಿಗೆ ಮಾತ್ರ ಖಾತ್ರಿ. ಕೆಳಗಿಳಿದಂತೆ ಎಲ್ಲವೂ 'ಬಂದರೆ ಕೊಡುತ್ತೇನೆ'. ಅಳತೆ ತಡವಾದರೆ ಉಪಗುತ್ತಿಗೆದಾರ ಕೈ ಎತ್ತುತ್ತಾನೆ. ಎಂಜಿನಿಯರ್ ಒಂದು ಗೋಡೆ ಸರಿಯಿಲ್ಲ ಎಂದು ತಿರಸ್ಕರಿಸಿದರೆ ಆ ನಷ್ಟ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಜಾರಿ, ಕೊನೆಗೆ ಕಲ್ಲು ಹೊತ್ತವರ ಬಟವಾಡೆಯಲ್ಲಿ ಬಂದು ನಿಲ್ಲುತ್ತದೆ. ಕೆಳಗಿನವನೂ ಸುಮ್ಮನಿರುವುದಿಲ್ಲ. ಹಣ ಬರುತ್ತದೋ ಇಲ್ಲವೋ ಗೊತ್ತಿಲ್ಲದವನು ಸುಣ್ಣ ಉಳಿಸುತ್ತಾನೆ, ಗಾರೆ ತೆಳ್ಳಗೆ ಮಾಡುತ್ತಾನೆ, ಹೊರಗೆ ಚೆಂದದ ಕಲ್ಲು ಕೂರಿಸಿ ಒಳಗೆ ಜಲ್ಲಿ ತುಂಬುತ್ತಾನೆ. ಹೊರಗಿನಿಂದ ನೋಡಿದವರಿಗೆ ಗೋಡೆ ಗೋಡೆಯೇ.

1859ರ ಜನವರಿಯಲ್ಲಿ ಮೊದಲ ಜಗಳ ಸ್ಫೋಟಿಸಿತು. ಕೂಲಿ ಬಾಕಿ ಉಳಿದಿತ್ತು, ಮಾತು ಕೊಟ್ಟಷ್ಟೂ ಸಿಕ್ಕಿರಲಿಲ್ಲ. ಘಾಟಿನ ಕೆಲಸಗಾರರು ಗುಂಪುಗೂಡಿ ಯುರೋಪಿಯನ್ ಮೇಲ್ವಿಚಾರಕರ ಮೇಲೆ ಬಿದ್ದರು. ಒಬ್ಬ ಯುರೋಪಿಯನ್ ಸತ್ತ. 1857ರ ದಂಗೆಯ ಬಿಸಿ ಇನ್ನೂ ಆರಿರದ ಕಾಲ ಅದು. ಸರ್ಕಾರ ಬೆಚ್ಚಿಬಿದ್ದು ವಿಚಾರಣೆ ನಡೆಸಿತು. ಕೆಲಸಗಾರರ ದೂರು ನಿಜ, ಅವರಿಗೆ ಬರಬೇಕಾದದ್ದು ಬಂದಿರಲಿಲ್ಲ ಎಂದೇ ವಿಚಾರಣೆಯಲ್ಲಿ ಗೊತ್ತಾಯಿತು. ಅದೇ ಮಾರ್ಚ್‌ನಲ್ಲಿ ಫೇವಿಯೆಲ್ ಗುತ್ತಿಗೆ ಬಿಟ್ಟುಕೊಟ್ಟ.

ಕೆಲವು ತಿಂಗಳು ಕಂಪನಿಯೇ ಕೆಲಸ ನಡೆಸಿತು. ಆಮೇಲೆ ಇಂಗ್ಲೆಂಡಿನಿಂದ ಸಾಲೊಮನ್ ಟ್ರೆಡ್‌ವೆಲ್ ಎಂಬ ಗುತ್ತಿಗೆದಾರ ಹೆಂಡತಿ ಆಲಿಸ್ ಜೊತೆ ಬಂದ. ಬಂದು ಹೆಚ್ಚು ದಿನವಾಗಿರಲಿಲ್ಲ, ಕಾಯಿಲೆ ಬಿದ್ದು 1859ರ ಕೊನೆಯಲ್ಲಿ ತೀರಿಕೊಂಡ. ಆಲಿಸ್ ಟ್ರೆಡ್‌ವೆಲ್ ಊರಿಗೆ ಮರಳಲಿಲ್ಲ. ಗಂಡನ ಗುತ್ತಿಗೆಯನ್ನು ತಾನೇ ವಹಿಸಿಕೊಂಡು, ಆಡಮ್‌ಸನ್ ಮತ್ತು ಕ್ಲೌಸರ್ ಎಂಬ ಇಬ್ಬರು ಅನುಭವಿ ಎಂಜಿನಿಯರ್‌ಗಳನ್ನು ನೇಮಿಸಿ ಕೆಲಸ ಮುಗಿಸಿದಳು. ಅಂಥ ಕಾಲದಲ್ಲಿ ಒಬ್ಬ ಹೆಂಗಸು ಅಷ್ಟು ದೊಡ್ಡ ಗುತ್ತಿಗೆ ನಡೆಸಿದ್ದನ್ನು ಓದಿ ನಮಗೂ ಅಚ್ಚರಿಯಾಯಿತು. ಈ ನಡುವೆ ಕಾಲರಾ ಬಂದು ಕೂಲಿಕಾರರ ಗುಡಿಸಲುಗಳನ್ನೇ ಖಾಲಿ ಮಾಡಿತು. 1863ರಲ್ಲಿ ಘಾಟ್ ದಾರಿ ಉದ್ಘಾಟನೆಯಾಯಿತು. ಮುಂಬೈ ಗವರ್ನರ್ ಬಾರ್ಟಲ್ ಫ್ರೇರ್ ಬಂದಿದ್ದರು. ಬರ್ಕ್ಲಿ ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ಇಂಗ್ಲೆಂಡಿನಲ್ಲಿ ಸತ್ತಿದ್ದ.

ಎರಡನೆಯ ಜಗಳಕ್ಕೆ ದನಿಯೇ ಇರಲಿಲ್ಲ. 1867ರ ಜುಲೈ, ಮಳೆಗಾಲ. ಘಾಟಿನ ಮಾಹೂಕಿಮಳಿ ಎಂಬಲ್ಲಿದ್ದ ಕಲ್ಲಿನ ಕಮಾನು ಸೇತುವೆ ಕುಸಿದು ಕಣಿವೆಗೆ ಬಿತ್ತು. ಕಟ್ಟಿ ಮುಗಿಸಿ ನಾಲ್ಕೇ ವರ್ಷ. ಪರೀಕ್ಷೆ ಮಾಡಿದಾಗ ಕಲ್ಲುಗಾರೆ ಕೆಲಸವೇ ಕಳಪೆ ಎಂದು ತಿಳಿಯಿತು. ಆಮೇಲೆ ಅದೇ ಕಂಪನಿಯ ಬೇರೆ ಸೇತುವೆಗಳನ್ನೂ ತಟ್ಟಿ ನೋಡಿದರು. ಇದೇ ರೋಗ. ಹಲವನ್ನು ಮತ್ತೆ ಕಟ್ಟಬೇಕಾಯಿತು.

ತಪ್ಪು ಯಾರ ತಲೆಗೆ ಕಟ್ಟುವುದು? ಫೇವಿಯೆಲ್ ಎಂದೋ ಬಿಟ್ಟು ಹೋಗಿದ್ದ. ಸಾಲೊಮನ್ ಮಣ್ಣಾಗಿದ್ದ. ಬರ್ಕ್ಲಿಯೂ ಇಲ್ಲ. ಕಲ್ಲು ಕೂರಿಸಿದ ಗೌಂಡಿಗಳು ಬೇರೆ ಕೆಲಸ ಹುಡುಕಿಕೊಂಡು ಚದುರಿದ್ದರು. ಷೇರುದಾರರ ಶೇಕಡಾ 5 ಮಾತ್ರ ಅಲುಗಲಿಲ್ಲ. 1859ರ ಬಾಕಿ ಕೂಲಿಯನ್ನೂ 1867ರ ಕುಸಿತವನ್ನೂ ಇತಿಹಾಸದವರು ಬೇರೆ ಬೇರೆ ಪುಟಗಳಲ್ಲಿ ಬರೆಯುತ್ತಾರೆ. ನಮಗೆ ಅವೆರಡೂ ಒಂದೇ ಹಗ್ಗದ ಎರಡು ತುದಿ ಎನಿಸುತ್ತದೆ. ಗುತ್ತಿಗೆ ಕೈಯಿಂದ ಕೈಗೆ ದಾಟುತ್ತಾ ಹೋದಾಗ ಮೊದಲು ಕೂಲಿ ತೆಳುವಾಯಿತು, ಆಮೇಲೆ ಗಾರೆ.

ಸರ್ಕಾರ ಸುಮ್ಮನೆ ಕೂರಲಿಲ್ಲ ಎನ್ನುವುದನ್ನೂ ಹೇಳಬೇಕು. ಘಾಟಿನ ದಂಗೆಯ ಮರುವರ್ಷ, 1860ರಲ್ಲಿ, ರೈಲ್ವೆ, ಕಾಲುವೆಯಂಥ ಸಾರ್ವಜನಿಕ ಕೆಲಸಗಳ ಕೂಲಿ ಜಗಳ ತೀರಿಸಲು ಒಂದು ಕಾಯ್ದೆ ಬಂತು. ಕೂಲಿಕಾರ ವರ್ಷಗಟ್ಟಲೆ ಸಿವಿಲ್ ಕೋರ್ಟು ಅಲೆಯಬೇಕಿಲ್ಲ, ಮ್ಯಾಜಿಸ್ಟ್ರೇಟ್ ಬೇಗ ತೀರ್ಮಾನ ಮಾಡಬೇಕು ಎಂದಿತು. ಕೇಳಲು ಚೆನ್ನಾಗಿದೆ. ಆದರೆ ಅದೇ ಕಾಯ್ದೆ, ಒಪ್ಪಿಕೊಂಡ ಕೆಲಸವನ್ನು ನಡುವೆ ಬಿಟ್ಟು ಹೋದ ಕೂಲಿಕಾರನಿಗೆ ಜೈಲು ಎಂದೂ ಹೇಳಿತು. 1859ರಲ್ಲೇ ಬಂದಿದ್ದ ಇನ್ನೊಂದು ಕಾಯ್ದೆ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟವನು ಮ್ಯಾಜಿಸ್ಟ್ರೇಟರ ಮಾತು ಕೇಳದಿದ್ದರೆ ಮೂರು ತಿಂಗಳವರೆಗೆ ಒಳಗೆ ಹಾಕಬಹುದಿತ್ತು. ಕೂಲಿ ಕೊಡದ ಧಣಿ ಸಾಲಗಾರನಷ್ಟೇ, ಕೆಲಸ ಬಿಟ್ಟ ಕೂಲಿ ಅಪರಾಧಿ. ತಕ್ಕಡಿ ಎತ್ತ ವಾಲಿತ್ತು ನೀವೇ ನೋಡಿ. ಕಬ್ಬು ಕಡಿಯುವ ಗ್ಯಾಂಗು, ಇಟ್ಟಿಗೆ ಭಟ್ಟಿ ಕಂಡ ನಮ್ಮವರಿಗೆ ಮುಂಗಡದ ಈ ಕುಣಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಏಣಿಯ ಮೇಲಿನವನನ್ನೇ ಹಿಡಿಯಬೇಕು ಎಂಬ ಮಾತು ಕಾನೂನಿನಲ್ಲಿ ಸ್ಪಷ್ಟವಾಗಿ ಬರಲು ಘಾಟಿನ ದಂಗೆಯ ನಂತರ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ, ಗುತ್ತಿಗೆದಾರ ಎಂದರೆ ಉಪಗುತ್ತಿಗೆದಾರನೂ ಸೇರಿದ ಎಂದಿತು. ಕೂಲಿ ಬಟವಾಡೆ ಆಗುವಾಗ ಕೆಲಸದ ಮೂಲ ಮಾಲೀಕನ ಕಡೆಯವರೊಬ್ಬರು ಎದುರಿಗಿರಬೇಕು ಎಂದಿತು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು, ಆಮೇಲೆ ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಳ್ಳಲಿ ಎಂದಿತು. ಆದರೆ ಅದು ಕೂಲಿಕಾರನ ಕೂಲಿಯ ಮಾತು. ನಮ್ಮ ಮೇಸ್ತ್ರಿಯಂಥ ನಡುವಿನವರು, ಅತ್ತ ಕೂಲಿಯೂ ಅಲ್ಲ ಇತ್ತ ಧಣಿಯೂ ಅಲ್ಲದವರು, ಅಳತೆಯ ಲೆಕ್ಕಕ್ಕೆ ಜಗಳ ಬಿದ್ದರೆ ಇಂದಿಗೂ ಕೈಯಲ್ಲಿ ಕಾಗದ ಇದ್ದರಷ್ಟೇ ಗಟ್ಟಿ.

ಆ ಮೇಸ್ತ್ರಿಗೆ ಮಳೆಗಾಲದ ಹೊತ್ತಿಗೆ ಮೂರು ಕಂತಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಣ ಬಂತು. ಬಂದದ್ದೆಲ್ಲ ಆಳುಗಳಿಗೆ ಹೋಯಿತು. ಕಟ್ಟಡದ ಬಿರುಕಿಗೆ ಬೇರೆ ಯಾರೋ ಸಿಮೆಂಟ್ ಮೆತ್ತಿ ಸುಣ್ಣ ಬಳಿದರು. ಅವರೀಗ ಪನ್ವೇಲ್ ಕಡೆ ಒಂದು ಸೈಟ್‌ನಲ್ಲಿದ್ದಾರೆ, ಮತ್ತೆ ಇನ್ನೊಬ್ಬರ ಕೈಕೆಳಗೆ. ಹೋಗುವ ಮುಂಚೆ ಈ ಕಥೆಯನ್ನೆಲ್ಲ ಅವರಿಗೆ ಹೇಳಿದ್ದೆವು. ಪೂರ್ತಿ ಕೇಳಿ, "ಆ ಪೂಲು ಕಟ್ಟಿದ ಗೌಂಡಿಗಳಿಗೆ ರೊಕ್ಕ ಮುಟ್ಟಿತ್ತೇನ್ರಿ?" ಎಂದಷ್ಟೇ ಕೇಳಿದರು.

ಈಗ ಪ್ರತಿ ಶನಿವಾರ ಸಂಜೆ ನಮ್ಮ ಫೋನಿಗೆ ಅವರಿಂದ ಒಂದು ಫೋಟೊ ಬರುತ್ತದೆ. ವಾರದ ಅಳತೆ, ಹಾಜರಿ, ಬಂದ ಸಿಮೆಂಟ್ ಚೀಲದ ಲೆಕ್ಕ, ಕೆಳಗೆ ಸೈಟ್ ಸೂಪರ್‌ವೈಸರ್ ಸಹಿ. ಹೋದ ವಾರದ್ದರಲ್ಲಿ ಸಹಿ ಇರಲಿಲ್ಲ. ಕೇಳಿದೆವು. "ನಾಳೆ ಹಾಕ್ತೀನಿ ಅಂದಾರ್ರಿ" ಎಂದು ಉತ್ತರ ಬಂತು.