ನೂರು ಬತ್ತಿಯ ದೀಪ, ಹೇಳದೆ ಬಿಟ್ಟ ದೆವ್ವ

ಅಮಾವಾಸ್ಯೆಯ ಕತ್ತಲೇ ಆಗಬೇಕು. ದೀಪದ ಗೂಡಿಗೆ ನೀಲಿ ಕಾಗದ ಅಂಟಿಸಿ, ಒಳಗೆ ನೂರು ಬತ್ತಿ ಹಚ್ಚಬೇಕು. ಸುತ್ತ ಕೂತವರು ಸರದಿಯಂತೆ ಒಂದೊಂದು ದೆವ್ವದ ಕಥೆ ಹೇಳಬೇಕು. ಒಂದು ಕಥೆ ಮುಗಿದರೆ ಒಂದು ಬತ್ತಿ ಆರಿಸಬೇಕು. ಜಪಾನಿನ ಕ್ಯೋತೊದಲ್ಲಿದ್ದ ಬೌದ್ಧ ಪುರೋಹಿತ, ಲೇಖಕ ಅಸಾಯ್ ರಿಯೋಯಿ 1666ರಲ್ಲಿ ಅಚ್ಚಾದ ತನ್ನ ‘ಒತೊಗಿಬೋಕೊ’ ಸಂಗ್ರಹದ ಕೊನೆಯಲ್ಲಿ ಬರೆದಿಟ್ಟ ಕ್ರಮ ಇದು. ಕೋಣೆಯ ಬೆಳಕು ಕಥೆಯಿಂದ ಕಥೆಗೆ ಕುಗ್ಗುತ್ತದೆ. ಕೊನೆಯ ಬತ್ತಿಯೂ ಆರಿದರೆ ಭಯಾನಕವಾದದ್ದು ಏನೋ ಒಂದು ಬಂದೇ ಬರುತ್ತದೆ.

‘ಏನೋ ಒಂದು’ ಎಂಬಲ್ಲಿಗೆ ರಿಯೋಯಿ ನಿಲ್ಲಿಸುತ್ತಾನೆ. ಅವನದೇ ಕಥೆಯಲ್ಲಿ ಹಿಮ ಬೀಳುವ ರಾತ್ರಿ ಕ್ಯೋತೊದ ಕೆಲವು ಗಂಡಸರು ಹೀಗೆ ಕೂತಿರುತ್ತಾರೆ. ಅರವತ್ತೆಪ್ಪತ್ತು ಕಥೆ ಮುಗಿಯುವಷ್ಟರಲ್ಲಿ ಮಿಂಚುಹುಳುಗಳಂಥ ಬೆಳಕು ಒಳನುಗ್ಗಿ, ಒಟ್ಟುಗೂಡಿ ಉಂಡೆಯಾಗಿ, ಸಿಡಿಲಿನ ಸದ್ದಿನೊಂದಿಗೆ ಚಾಪೆಯ ಮೇಲೆ ಬೀಳುತ್ತದೆ. ಅದಕ್ಕೆ ಮುಖವಿಲ್ಲ, ಹೆಸರಿಲ್ಲ, ಸೇಡಿನ ಕಾರಣವೂ ಇಲ್ಲ. ಸದ್ದು ಎಷ್ಟಿತ್ತು, ಎಲ್ಲಿ ಬಿತ್ತು ಎಂಬುದನ್ನು ಮಾತ್ರ ಬಿಡಿಸಿ ಹೇಳಿದೆ. ಮುಂದಿನ ಎರಡೂವರೆ ಶತಮಾನ ಈ ಕೂಟದಿಂದ ಹುಟ್ಟಿದ ಒಳ್ಳೆಯ ಕಥೆಗಳೆಲ್ಲ ಇದೇ ಜಾಡಿನಲ್ಲಿ ನಡೆದವು: ಕಣ್ಣಿಗೆ ಕಂಡದ್ದನ್ನು, ಕಿವಿಗೆ ಕೇಳಿದ್ದನ್ನು ಚಾಚೂ ತಪ್ಪದೆ ಹೇಳುವುದು, ಬಂದದ್ದು ಏನು ಎಂಬುದನ್ನು ಹೇಳದೆ ಬಿಡುವುದು.

‘ಹ್ಯಾಕುಮೊನೊಗತಾರಿ ಕೈದಾನ್‌ಕೈ’ ಎಂದು ಕರೆಸಿಕೊಂಡ ಈ ನೂರು ಕಥೆಗಳ ಕೂಟ ಸಮುರಾಯ್‌ಗಳ ನಡುವೆ ಧೈರ್ಯದ ಪರೀಕ್ಷೆಯಾಗಿ ಶುರುವಾಯಿತೆಂದು ಹೇಳುವುದು ವಾಡಿಕೆ. ಎದೊ ಕಾಲದಲ್ಲಿ, ಎಂದರೆ 1603ರಿಂದ 1868ರವರೆಗಿನ ಅವಧಿಯಲ್ಲಿ, ಅದು ಪೇಟೆಯ ವ್ಯಾಪಾರಿಗಳಿಗೂ ಕುಶಲಕರ್ಮಿಗಳಿಗೂ ಪ್ರಿಯವಾದ ವಿನೋದವಾಯಿತು. ಇಲ್ಲಿ ಒಬ್ಬನೇ ಕಥೆಗಾರ ಎಂಬುದಿಲ್ಲ. ಹತ್ತು ಜನ ಕೂತರೆ ಹತ್ತು ಜನರೂ ಹೇಳುವವರು, ಹತ್ತು ಜನರೂ ಕೇಳುವವರು. ಹಿಂದಿನವನು ಹುಟ್ಟಿಸಿದ ಅಳುಕೇ ಮುಂದಿನವನ ಬಂಡವಾಳ. ದೀಪವನ್ನು ಬೇರೊಂದು ಕೋಣೆಯಲ್ಲಿಟ್ಟು, ಅದರ ಬಳಿ ಕನ್ನಡಿಯೊಂದನ್ನು ಇಡುತ್ತಿದ್ದರೆಂಬ ವಿವರಣೆಯೂ ಇದೆ. ಕಥೆ ಮುಗಿಸಿದವನು ಕತ್ತಲಲ್ಲಿ ತಡವುತ್ತ ಅಲ್ಲಿಗೆ ಹೋಗಿ, ಬತ್ತಿ ಆರಿಸಿ, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ವಾಪಸು ಬರಬೇಕು. ಉಳಿದವರಿಗೆ ಆ ಹೊತ್ತಿನಲ್ಲಿ ಅವನ ಹೆಜ್ಜೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಥೆ ಹೇಳಿದವನನ್ನೇ ಕಥೆಯೊಳಕ್ಕೆ ಕಳಿಸುವ ಈ ಏರ್ಪಾಡನ್ನು ಕಟ್ಟಿದವರು ಯಾರೇ ಇರಲಿ, ಭಯದ ಮರ್ಮ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬಹುಪಾಲು ಕೂಟಗಳು ತೊಂಬತ್ತೊಂಬತ್ತಕ್ಕೇ ನಿಲ್ಲಿಸಿ, ಉಳಿದ ಒಂದು ಬತ್ತಿಯ ಬೆಳಕಲ್ಲಿ ಬೆಳಗಿಗಾಗಿ ಕಾಯುತ್ತಿದ್ದವು. ನಿಯಮಕ್ಕೆ ಇಂದಿಗೂ ಬೆಲೆಯಿದೆ. ಕಿಹಾರಾ ಹಿರೊಕತ್ಸು ಮತ್ತು ನಾಕಾಯಾಮಾ ಇಚಿರೋ ಜನರಿಂದ ಕೇಳಿ ಸಂಗ್ರಹಿಸಿದ ‘ಶಿನ್ ಮಿಮಿಬುಕುರೊ’ 1998ರಿಂದ ಹತ್ತು ಸಂಪುಟಗಳಾಗಿ ಬಂದಾಗ ಪ್ರತಿ ಸಂಪುಟದಲ್ಲೂ ತೊಂಬತ್ತೊಂಬತ್ತೇ ಕಥೆಗಳಿದ್ದವು.

ನಿಯಮ ಮೀರಿ ಕೊನೆಯವರೆಗೆ ಹೋದವರ ಕಥೆಗಳೂ ಉಂಟು. 17ನೇ ಶತಮಾನದ ‘ತೊನೊಯಿಗುಸಾ’ ಸಂಗ್ರಹದ ಒಂದು ಪ್ರಸಂಗದಲ್ಲಿ ನೂರು ಕಥೆ ಮುಗಿಯುವ ಹೊತ್ತಿಗೆ ಮಾಡಿನಿಂದ ದೊಡ್ಡದೊಂದು ಕೈ ಇಳಿದು ಬರುತ್ತದೆ. ಒಬ್ಬ ಕತ್ತಿ ಹಿರಿದು ಬೀಸುತ್ತಾನೆ. ನೋಡಿದರೆ ಕೆಳಗೆ ಬಿದ್ದಿರುವುದು ಜೇಡದ ಕಾಲು! ಧೈರ್ಯ ಪರೀಕ್ಷೆಯ ಕಾಲದ ಸಮುರಾಯ್‌ಗಳಿಗೆ ಈ ಮುಕ್ತಾಯ ಸರಿಯೇ: ಹೆದರಿಕೆ ಎಷ್ಟೇ ದೊಡ್ಡದಾಗಿ ಕಂಡರೂ ಕತ್ತಿ ಬೀಸಿದರೆ ಚಿಕ್ಕದಾಗುತ್ತದೆ. ದೆವ್ವದ ಕಥೆಯ ದೃಷ್ಟಿಯಿಂದ ಮಾತ್ರ ಅದು ನಷ್ಟ. ಮಾಡಿನಿಂದ ಇಳಿಯುತ್ತಿದ್ದ ಕೈ ಓದುಗನನ್ನು ಹಿಡಿದಿತ್ತು, ಜೇಡ ಬಿಟ್ಟುಕೊಟ್ಟಿತು.

ಅಚ್ಚಿನ ಉದ್ಯಮ ಈ ಕೂಟವನ್ನು ಬೇಗ ಕಂಡುಕೊಂಡಿತು. 1677ರಲ್ಲಿ ಬಂದ ‘ಶೊಕೊಕು ಹ್ಯಾಕುಮೊನೊಗತಾರಿ’ ಐದು ಸಂಪುಟಗಳಲ್ಲಿ, ಸಂಪುಟಕ್ಕೆ ಇಪ್ಪತ್ತರಂತೆ, ನಿಜಕ್ಕೂ ನೂರು ಕಥೆಗಳನ್ನು ಕೊಟ್ಟಿತು. ಆಮೇಲೆ ಬಂದ ಎಷ್ಟೋ ಪುಸ್ತಕಗಳಲ್ಲಿ ‘ನೂರು ಕಥೆ’ ಎಂಬುದು ಹೆಸರಿಗಷ್ಟೇ. ಕತ್ತಲ ಕೋಣೆಯ ಮಾತು ಹಗಲಲ್ಲಿ ಒಬ್ಬನೇ ಕೂತು ಓದುವ ಪುಟವಾಯಿತು. ಆಗ ಕಷ್ಟ ಶುರುವಾಯಿತು. ಕೂಟದಲ್ಲಿ ಹೇಳದೆ ಬಿಟ್ಟದ್ದನ್ನು ತುಂಬಿಕೊಡಲು ಆರಿದ ಬತ್ತಿ ಇತ್ತು, ಪಕ್ಕದವನ ಉಸಿರಿತ್ತು. ಪುಟದಲ್ಲಿ ಅದೆಲ್ಲವನ್ನೂ ವಾಕ್ಯವೇ ಮಾಡಬೇಕು.

ಕೆಲವರು ವಿವರಣೆಯ ಕಡೆ ಹೊರಳಿದರು. ಯಾಮಾಒಕಾ ಗೆನ್‌ರಿನ್ ಎಂಬ ಪಂಡಿತನ ‘ಕೊಕೊನ್ ಹ್ಯಾಕುಮೊನೊಗತಾರಿ ಹ್ಯೋಬಾನ್’ ಅವನ ಮರಣಾನಂತರ 1686ರಲ್ಲಿ ಪ್ರಕಟವಾಯಿತು. ಪ್ರತಿ ವಿಚಿತ್ರ ಸಂಗತಿಗೂ ಯಿನ್-ಯಾಂಗ್, ಪಂಚಭೂತಗಳ ಲೆಕ್ಕದಲ್ಲಿ ಕಾರಣ ಹೇಳುವುದು ಅದರ ರೀತಿ. ವಿದ್ವತ್ತಿನ ಚರಿತ್ರೆಯಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಹೆದರಿಸುವ ಕೆಲಸವನ್ನು ಅದು ಮಾಡುವುದಿಲ್ಲ. ರಕ್ತ ತೋರಿಸಿದರೆ ಭಯ ಹಗುರವಾಗುತ್ತದೆ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಗೆನ್‌ರಿನ್‌ನನ್ನು ಓದಿದರೆ ಭಯವನ್ನು ನಿಜಕ್ಕೂ ಕೊಲ್ಲುವುದು ಕಾರಣ ಎಂದು ತಿಳಿಯುತ್ತದೆ.

ಇನ್ನು ಕೆಲವರು ಚಿತ್ರದ ಕಡೆ ಹೊರಳಿದರು. ತೊರಿಯಾಮಾ ಸೆಕಿಎನ್ 1776ರಿಂದ 1784ರ ನಡುವೆ ತಂದ ನಾಲ್ಕು ಚಿತ್ರಮಾಲೆಗಳಲ್ಲಿ ಜಪಾನಿನ ದೆವ್ವಭೂತಗಳಿಗೆಲ್ಲ ಒಂದೊಂದು ರೂಪ ಕೊಟ್ಟ. ಅದರಲ್ಲಿ ‘ಆಒಆಂದೊನ್’, ನೀಲಿ ದೀಪದ ಭೂತ, ಸಹ ಇದೆ. ನೂರನೆಯ ಕಥೆಯ ನಂತರ ಬರುವ ‘ಏನೋ ಒಂದು’ ಅವನ ಕೈಯಲ್ಲಿ ಕೊಂಬುಳ್ಳ, ಉದ್ದ ಕೂದಲಿನ ಹೆಂಗಸಾಯಿತು. ಚಿತ್ರ ಸೊಗಸಾಗಿದೆ. ಆದರೆ ಅಲ್ಲಿಂದ ಮುಂದೆ ಕೊನೆಯ ಬತ್ತಿ ಆರಿಸುವವನಿಗೆ ಯಾರು ಬರುತ್ತಾರೆಂದು ಮೊದಲೇ ಗೊತ್ತಿರುತ್ತದೆ. ಚಿತ್ರಕಾರ ಹೊಕುಸಾಯ್ 1830ರ ದಶಕದ ಆರಂಭದಲ್ಲಿ ‘ನೂರು ಕಥೆಗಳು’ ಎಂಬ ಹೆಸರಲ್ಲೇ ಮರದಚ್ಚಿನ ಮಾಲೆ ಶುರು ಮಾಡಿದ. ಇಂದು ತಿಳಿದಿರುವುದು ಐದೇ ಚಿತ್ರ. ಅವುಗಳಲ್ಲಿ ಕೊಹಾದಾ ಕೊಹೆಯ್ಜಿ ಎಂಬವನ ದೆವ್ವದ ಚಿತ್ರ ಉಳಿದವುಗಳನ್ನು ಮೀರಿಸುತ್ತದೆ. ಹೆಂಡತಿಯ ಪ್ರಿಯಕರನಿಂದ ಸತ್ತವನು ಸೊಳ್ಳೆಪರದೆಯ ಅಂಚನ್ನು ಬೆರಳುಗಳಿಂದ ಕೆಳಗೆಳೆದು ಇಣುಕುತ್ತಿದ್ದಾನೆ. ಅವನು ನೋಡುತ್ತಿರುವುದು ಯಾರನ್ನು ಎಂಬುದು ಚಿತ್ರದೊಳಗಿಲ್ಲ. ಪರದೆಯೊಳಗೆ ಮಲಗಿರುವ ಜಾಗದಲ್ಲಿ ಇರುವುದು ಚಿತ್ರ ನೋಡುವವರು.

ರಂಗಭೂಮಿಯದು ಬೇರೆಯೇ ದಾರಿ. ತ್ಸುರುಯಾ ನಾನ್‌ಬೊಕು ಬರೆದ ‘ಯೊತ್ಸುಯಾ ಕೈದಾನ್’ 1825ರಲ್ಲಿ ಎದೊದ ನಾಕಾಮುರಾ-ಜಾ ರಂಗಮಂದಿರದಲ್ಲಿ ಏರಿದಾಗ ಯಾವುದನ್ನೂ ಮರೆಮಾಚಲಿಲ್ಲ. ವಿಷವುಂಡ ಓಇವಾ ಎಂಬವಳು ತಲೆ ಬಾಚಿಕೊಂಡಂತೆ ಕೂದಲು ಗೊಂಚಲು ಗೊಂಚಲಾಗಿ ಕೈಗೆ ಬರುತ್ತದೆ, ರಕ್ತ ತೊಟ್ಟಿಕ್ಕುತ್ತದೆ. ಬಾಗಿಲ ಹಲಗೆಯೊಂದರ ಎರಡೂ ಬದಿಗೆ ಎರಡು ಹೆಣ. ಸೂಚನೆಯೇ ಶ್ರೇಷ್ಠ, ತೋರಿಸುವುದು ಒರಟು ಎನ್ನುವವರು ಈ ಬಾಚಣಿಗೆಯ ದೃಶ್ಯದ ಮುಂದೆ ಸೋಲಬೇಕಾಗುತ್ತದೆ. ಅಲ್ಲಿ ದೆವ್ವ ಇನ್ನೂ ಬಂದೇ ಇಲ್ಲ. ಬದುಕಿರುವ ಹೆಂಗಸು, ದಿನನಿತ್ಯದ ಕೆಲಸ. ತೋರಿಸಿದ್ದೆಲ್ಲ ಈ ಲೋಕದ್ದೇ.

ಈ ಲೋಕದ್ದನ್ನು ತೋರಿಸಿ, ಬಂದದ್ದನ್ನು ಹೇಳದೆ ಬಿಡುವ ವಿದ್ಯೆಯನ್ನು ಬರಹದಲ್ಲಿ ತುದಿ ಮುಟ್ಟಿಸಿದವನು ಉಎದಾ ಅಕಿನಾರಿ. 1776ರಲ್ಲಿ ಅಚ್ಚಾದ ‘ಉಗೆತ್ಸು ಮೊನೊಗತಾರಿ’ಯ ಒಂಬತ್ತು ಕಥೆಗಳಲ್ಲಿ ‘ಕಿಬಿತ್ಸುವಿನ ಹಂಡೆ’ ಒಂದು. ಮೋಸ ಹೋಗಿ ಸತ್ತ ಹೆಂಡತಿಯ ದೆವ್ವದಿಂದ ಪಾರಾಗಲು ಶೋತಾರೊ ಎಂಬವನು ನಲವತ್ತೆರಡು ದಿನ ಮನೆಯೊಳಗೆ ಬಾಗಿಲು ಹಾಕಿಕೊಂಡಿರಬೇಕು. ಕೊನೆಯ ರಾತ್ರಿ ಬೆಳಗಾದಂತೆ ಕಂಡು ಹೊರಗೆ ಕಾಲಿಡುತ್ತಾನೆ. ಬೆಳಗಾಗಿರಲಿಲ್ಲ. ಪಕ್ಕದ ಮನೆಯವನು ಚೀತ್ಕಾರ ಕೇಳಿ ಓಡಿಬರುತ್ತಾನೆ. ಬಾಗಿಲ ಪಕ್ಕದ ಗೋಡೆಯಿಂದ ರಕ್ತ ನೆಲಕ್ಕಿಳಿಯುತ್ತಿದೆ. ಹೆಣವಿಲ್ಲ, ಮೂಳೆಯಿಲ್ಲ. ದೀಪ ಎತ್ತಿ ಹಿಡಿದರೆ ಸೂರಿನ ತುದಿಯಲ್ಲಿ ಗಂಡಸಿನ ಜುಟ್ಟೊಂದು ತೂಗುತ್ತಿದೆ. ಅಕಿನಾರಿ ರಕ್ತಕ್ಕೆ ಸಂಕೋಚಪಡುವುದಿಲ್ಲ. ಬಾಗಿಲಾಚೆ ನಡೆದ ಕೊಲೆಯನ್ನು ಮಾತ್ರ ಯಾರ ಕಣ್ಣಿಗೂ ಬೀಳಿಸುವುದಿಲ್ಲ.

ಇಬ್ಬರು ಕೂಡಿ ದೆವ್ವದ ಕಥೆ ಕಟ್ಟಿದ್ದಕ್ಕೆ ಕೊಯಿಜುಮಿ ದಂಪತಿಯಷ್ಟು ಸ್ಪಷ್ಟ ದಾಖಲೆ ಇನ್ನೊಂದು ಸಿಗುವುದು ಕಷ್ಟ. ಗ್ರೀಸಿನ ಲೆಫ್ಕಾಡಾ ದ್ವೀಪದಲ್ಲಿ 1850ರಲ್ಲಿ ಹುಟ್ಟಿದ ಲೇಖಕ ಲಾಫ್‌ಕಾಡಿಯೊ ಹರ್ನ್ 1890ರಲ್ಲಿ ಜಪಾನಿಗೆ ಬಂದ. ಮಾತ್ಸುಎ ಊರಿನ ಸಮುರಾಯ್ ಮನೆತನದ ಸೆತ್ಸುವನ್ನು ಮದುವೆಯಾಗಿ, ಕೊಯಿಜುಮಿ ಯಾಕುಮೊ ಎಂಬ ಹೆಸರು ಪಡೆದ. ಅವನಿಗೆ ಜಪಾನಿ ಪುಸ್ತಕಗಳನ್ನು ಓದಿ ದಕ್ಕಿಸಿಕೊಳ್ಳಲು ಬರುತ್ತಿರಲಿಲ್ಲ. ಸೆತ್ಸು ಹಳೆಯ ಪುಸ್ತಕಗಳನ್ನು ಓದಿಕೊಂಡು ಹೇಳಬೇಕು. ಪುಸ್ತಕ ಕೈಯಲ್ಲಿ ಹಿಡಿದು ಹೇಳಬಾರದು, ನಿನ್ನದೇ ಮಾತಲ್ಲಿ ಹೇಳು ಎಂಬುದು ಅವನ ಹಟ. ಕಥೆಯ ಹೊತ್ತಿಗೆ ಅವನು ದೀಪದ ಬತ್ತಿ ಇಳಿಸುತ್ತಿದ್ದನೆಂದು, ಕೇಳುತ್ತ ಅವನ ಮುಖದ ಬಣ್ಣವೇ ಬದಲಾಗುತ್ತಿತ್ತೆಂದು ಸೆತ್ಸು ತನ್ನ ನೆನಪುಗಳಲ್ಲಿ ಬರೆದಿದ್ದಾಳೆ.

1902ರ ‘ಕೊತ್ತೋ’ ಪುಸ್ತಕದಲ್ಲಿರುವ ‘ದೆವ್ವದ ಜಲಪಾತ’ ಹಾಗೆ ಹುಟ್ಟಿದ್ದು. ಹೋಕಿ ಸೀಮೆಯ ಕುರೊಸಾಕಾ ಹಳ್ಳಿಯಲ್ಲಿ ನಾರು ಬಿಡಿಸುವ ಹೆಂಗಸರು ಚಳಿಗಾಲದ ಸಂಜೆ ಬೆಂಕಿಯ ಸುತ್ತ ಕೂತು ದೆವ್ವದ ಕಥೆ ಹೇಳಿಕೊಳ್ಳುತ್ತಿರುತ್ತಾರೆ. ಹತ್ತಾರು ಕಥೆ ಆದ ಮೇಲೆ ಪಂದ್ಯ ಹುಟ್ಟುತ್ತದೆ: ಈಗ ಒಬ್ಬಳೇ ಜಲಪಾತದವರೆಗೆ ಹೋಗಿ ಗುಡಿಯ ಕಾಣಿಕೆ ಡಬ್ಬಿ ತಂದವಳಿಗೆ ಇವತ್ತು ಎಲ್ಲರೂ ಬಿಡಿಸಿದ ನಾರೆಲ್ಲ ಸೇರುತ್ತದೆ. ಓಕಾತ್ಸು ಎಂಬ ಧೈರ್ಯಸ್ಥೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾಳೆ. ನೀರಿನ ಮೊರೆತದ ನಡುವೆ ಎರಡು ಸಲ ಯಾರೋ ಅವಳ ಹೆಸರು ಹಿಡಿದು ಗದರುತ್ತಾರೆ. ಅವಳು ಡಬ್ಬಿ ಎತ್ತಿಕೊಂಡು ಓಡಿಬರುತ್ತಾಳೆ, ಗೆಲ್ಲುತ್ತಾಳೆ. ಮಗುವನ್ನು ಇಳಿಸಲು ಬಂದ ಮುದುಕಿಗೆ ಬೆನ್ನು ಒದ್ದೆಯಾಗಿರುವುದು ಕಾಣುತ್ತದೆ. ಅದು ರಕ್ತ. ಬಟ್ಟೆ ಬಿಚ್ಚಿದರೆ ಮಗುವಿನ ತಲೆಯಿಲ್ಲ.

ಇದಕ್ಕಿಂತ ಬಿಚ್ಚಿಟ್ಟ ಮುಕ್ತಾಯ ಬೇರೆ ಇರಲಾರದು. ಆದರೂ ಜಲಪಾತದ ಬಳಿ ಇದ್ದದ್ದು ಯಾರು, ತಲೆ ಯಾವಾಗ ಹೋಯಿತು ಎಂಬುದರ ಬಗ್ಗೆ ಒಂದು ಅಕ್ಷರವಿಲ್ಲ. ರಕ್ತ ಕಂಡಾಗ ಮುದುಕಿ ಹಾಕುವ ಕೂಗನ್ನು ಹರ್ನ್ ಹೆಂಡತಿಯಿಂದ ಮತ್ತೆ ಮತ್ತೆ ಹೇಳಿಸಿದನಂತೆ. ಯಾವ ದನಿಯಲ್ಲಿ ಕೂಗಿರಬಹುದು, ಮರದ ಮೆಟ್ಟಿನ ಸದ್ದು ಹೇಗೆ ಕೇಳಿರಬೇಕು, ಆ ರಾತ್ರಿ ಹೇಗಿತ್ತು ಎಂದು ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಕೇಳುತ್ತಿದ್ದ. ಇಬ್ಬರೂ ಚರ್ಚಿಸಿ ತೀರ್ಮಾನಿಸುತ್ತಿದ್ದರು. ಮೆಟ್ಟಿನ ಸದ್ದನ್ನು ಕುರಿತು ಅವನು ಇಷ್ಟು ತಲೆಕೆಡಿಸಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಕಥನಕಾರ ಸಾನ್‌ಯೂತೆಯ್ ಎನ್‌ಚೋ ವೇದಿಕೆಯ ಮೇಲೆ ಹೇಳುತ್ತಿದ್ದ ‘ಬೊತಾನ್ ದೋರೋ’ 1884ರಲ್ಲಿ ಶೀಘ್ರಲಿಪಿಯಿಂದ ಪುಸ್ತಕಕ್ಕೆ ಬಂದಿತ್ತು. ಅದರಲ್ಲಿ ಸತ್ತ ಹುಡುಗಿ ಪ್ರಿಯಕರನ ಮನೆಗೆ ಬರುವುದು ಮೆಟ್ಟಿನ ‘ಕರಾನ್ ಕೊರೊನ್’ ಸದ್ದಿನಿಂದಲೇ ಮೊದಲು ತಿಳಿಯುತ್ತದೆ. ಜಪಾನಿನ ದೆವ್ವಗಳಿಗೆ ಕಾಲಿರುವುದಿಲ್ಲ ಎಂದು ಜನ ನಂಬಿದ್ದ ಕಾಲದಲ್ಲಿ!

ಇಷ್ಟೂ ಕಾಲದ ಅನುಭವ ಒಂದೆಡೆ ಕೂಡಿದ್ದು ‘ತೋನೊ ಮೊನೊಗತಾರಿ’ಯಲ್ಲಿ. ಈಶಾನ್ಯ ಜಪಾನಿನ ತೋನೊ ಕಣಿವೆಯ ತರುಣ ಸಸಾಕಿ ಕಿಜೆನ್ ತೋಕಿಯೊದಲ್ಲಿದ್ದಾಗ, ದೆವ್ವದ ಕಥೆಗಳ ಗೀಳು ಹತ್ತಿದ್ದ ಲೇಖಕ ಮಿಜುನೊ ಯೋಶೂ 1908ರಲ್ಲಿ ಅವನನ್ನು ಅಧಿಕಾರಿಯೂ ವಿದ್ವಾಂಸನೂ ಆಗಿದ್ದ ಯಾನಗಿತಾ ಕುನಿಯೊನಲ್ಲಿಗೆ ಕರೆದೊಯ್ದ. ಕಿಜೆನ್ ಹೇಳಿದ, ಯಾನಗಿತಾ ಬರೆದುಕೊಂಡ. 1910ರಲ್ಲಿ 119 ತುಣುಕುಗಳ ಪುಸ್ತಕ 350 ಪ್ರತಿಗಳಲ್ಲಿ ಹೊರಬಂತು.

ಇಪ್ಪತ್ತೆರಡನೆಯ ತುಣುಕು ಕಿಜೆನ್‌ನ ಮುತ್ತಜ್ಜಿ ಸತ್ತ ರಾತ್ರಿಯದು. ಸೂತಕದ ಮನೆಯಲ್ಲಿ ಬೆಂಕಿ ಆರಬಾರದೆಂದು ಅಜ್ಜಿ, ತಾಯಿ ಒಲೆಯ ಎರಡು ಬದಿಗೆ ಕೂತಿದ್ದಾರೆ. ತಾಯಿಯ ಪಕ್ಕದಲ್ಲಿ ಇದ್ದಿಲು ತುಂಬಿದ ಪಾತ್ರೆ. ಹಿತ್ತಿಲ ಕಡೆಯಿಂದ ಹೆಜ್ಜೆಯ ಸದ್ದು, ಬಂದವಳು ಸತ್ತವಳೇ. ಬೆನ್ನು ಬಾಗಿದ್ದರಿಂದ ಬಟ್ಟೆಯ ಅಂಚು ಎಳೆಯದಂತೆ ಮುಂದೆ ಮಡಿಸಿ ಹೊಲಿದುಕೊಂಡಿರುತ್ತಿದ್ದಳು. ಈಗಲೂ ಹಾಗೇ ಇದೆ. ಇಬ್ಬರ ಪಕ್ಕದಲ್ಲೇ ಹಾದುಹೋಗುವಾಗ ಬಟ್ಟೆಯ ಅಂಚು ಇದ್ದಿಲಿನ ಪಾತ್ರೆಗೆ ತಾಗುತ್ತದೆ. ಪಾತ್ರೆ ದುಂಡಗಿತ್ತಾದ್ದರಿಂದ ಗಿರಗಿರನೆ ತಿರುಗುತ್ತದೆ.

ಕಾದಂಬರಿಕಾರ ಮಿಶಿಮಾ ಯುಕಿಯೊ ತನ್ನ ಕೊನೆಯ ವರ್ಷಗಳಲ್ಲಿ ಕಾದಂಬರಿ ಎಂದರೇನು ಎಂದು ಬರೆಯುತ್ತ ಈ ಪಾತ್ರೆಯ ಹತ್ತಿರ ಬಂದು ನಿಂತ. ಮುದುಕಿ ಕಂಡಳೆನ್ನುವುದನ್ನು ಭ್ರಮೆ ಎನ್ನಬಹುದು. ಇದ್ದಿಲಿನ ಪಾತ್ರೆ ತಿರುಗಿದ ಮೇಲೆ ಹಾಗೆನ್ನಲು ಆಗುವುದಿಲ್ಲ. ಅವಳು ಬಂದ ಲೋಕ ನಮ್ಮ ಲೋಕವನ್ನು ತಳ್ಳಿ ಸರಿಸಿದ್ದು ಅಲ್ಲೇ ಎಂಬುದು ಅವನ ವಾದದ ತಿರುಳು. ಆ ಪಾತ್ರೆಯನ್ನು ಬಿಟ್ಟುಬಿಡದೆ ಹೇಳಿದವನು ಕಿಜೆನ್, ಹೊಳಪು ಹಚ್ಚದೆ ಉಳಿಸಿಕೊಂಡವನು ಯಾನಗಿತಾ. ಕಿಜೆನ್ ಕಥೆ ಹೇಳುವುದರಲ್ಲಿ ಜಾಣನಲ್ಲ, ಆದರೆ ಪ್ರಾಮಾಣಿಕ ಮನುಷ್ಯ ಎಂದು ಯಾನಗಿತಾ ಪುಸ್ತಕದ ಮುನ್ನುಡಿಯಲ್ಲೇ ಬರೆದಿದ್ದ.